ಲಾಕೆನ್ನಿನ ಯುವಜನ ಕೂಟ

ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ಲಾಕೆನ್ ಧರ್ಮಕೇಂದ್ರಕ್ಕೆ 1912ರಲ್ಲಿ ಸಹಾಯಕ ಗುರುಗಳಾಗಿ ಬಂದ ವಂದನೀಯ ಜೋಸೆಫ್ ಕಾರ್ಡೈನರು ಎಳೆಯ ಕಾರ್ಮಿಕರನ್ನು ಸಣ್ಣ ಸಣ್ಣ ಕೂಟಗಳಲ್ಲಿ ಒಗ್ಗೂಡಿಸಿದರು. ಅಲ್ಲಿ ಉಪನ್ಯಾಸಕ್ಕಿಂತ ವಿಚಾರಣೆಗೇ ಪ್ರಾಶಸ್ತ್ಯ. ಕೂಲಿಯೆಷ್ಟು, ದುಡಿಮೆಯ ಅವಧಿಯೆಷ್ಟು, ಮೇಲ್ವಿಚಾರಕರ ನಡತೆಯೆಂತಹುದು ಎಂಬುದನ್ನು ಸದಸ್ಯರೇ ನೋಡಿ ತಿಳಿದು, ಶುಭಸಂದೇಶದ ಬೆಳಕಿನಲ್ಲಿ ವಿವೇಚಿಸಿ, ತಮ್ಮಿಂದಾದ ಕಾರ್ಯವನ್ನು ಕೈಗೊಳ್ಳುತ್ತಿದ್ದರು. ಶ್ರಮಿಕರಿಗೇ ಪ್ರತ್ಯೇಕ ಸಂಘವಾದರೆ ಕಥೋಲಿಕ ಯುವಜನರಲ್ಲಿ ಒಡಕುಂಟಾದೀತೆಂಬ ಆಕ್ಷೇಪವೆದ್ದಿತು; ಅದು ಲಘುವಾದ ಆಕ್ಷೇಪವೇನೂ ಅಲ್ಲ. 1925ರಲ್ಲಿ ಜಗದ್ಗುರು 11ನೆಯ ಪಿಯುಸರು ಕಾರ್ಡೈನರನ್ನು ಬೆಂಬಲಿಸಲು, ಕ್ರೈಸ್ತ ಯುವ ಕಾರ್ಮಿಕರ ಸಂಘವು ನೆಲೆಗೊಂಡಿತು. ಸ್ಥಾಪಕರಲ್ಲಿ ಫೆರ್ನಾಂಡ್ ಟೊನೆ, ಪೌಲ್ ಗಾರ್ಸೆ ಇಬ್ಬರೂ 1945ರಲ್ಲಿ ನಾಜಿಗಳ ದಾಕೌ ಶಿಬಿರದಲ್ಲಿ ಮಡಿದರು. ನೋಡುವುದು, ವಿವೇಚಿಸುವುದು, ಕಾರ್ಯಗೈಯುವುದು ಎಂಬ ಅವರ ಕ್ರಮವನ್ನು ಯುವಜನರಿಗೆ ಕಲಿಸಬೇಕೆಂದು ಜಗದ್ಗುರು 23ನೆಯ ಯೊವಾನ್ನರು 1961ರ ವಿಶ್ವಪತ್ರದಲ್ಲಿ ಬರೆದರು.