ತೀರ್ಪಿನ ದಿನ ಕೇಳಲಾಗುವ ಪ್ರಶ್ನೆ

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ, ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಮೈಸೂರು ಸೀಮೆಗೆ ಬಂದರು. 1823ರಲ್ಲಿ ಸ್ವದೇಶಕ್ಕೆ ಮರಳುವವರೆಗೂ ಇಲ್ಲಿದ್ದರು. ಸಿಡುಬನ್ನು ದೈವದ ಮುನಿಸೆಂದು ಜನ ಅಂಜುತ್ತಿದ್ದ ಆ ಕಾಲದಲ್ಲಿ ಅವರು ಲಸಿಕೆಯನ್ನು ಪ್ರಚಾರಪಡಿಸಿದರು.

ಶಿಕ್ಷಿಸುವ ದೇವನೇ ಪ್ರೀತಿಸುವ ದೇವನೂ ಹೌದೇ ಎಂಬ ಪ್ರಶ್ನೆ ಅವರ ಧರ್ಮದಲ್ಲಿಯೂ ಪ್ರಾಚೀನವಾದುದು. 3ನೇ ಶತಮಾನದ ಒರಿಜೆನ್ ಶಿಕ್ಷೆಯನ್ನು ಆತ್ಮದ ಚಿಕಿತ್ಸೆಯೆಂದು ಬಗೆದರು. 5ನೇ ಶತಮಾನದ ಆಗಸ್ಟೀನ್ ನರಕಶಿಕ್ಷೆ ಶಾಶ್ವತವೆಂದರು. ನ್ಯಾಯವೂ ಪ್ರೀತಿಯೂ ಶಿಲುಬೆಯಲ್ಲಿ ಸಂಧಿಸಿದವೆಂಬುದು ಕ್ರೈಸ್ತರ ನಂಬಿಕೆ. ಒಬ್ಬರ ಪಾಪಭಾರವನ್ನು ಮತ್ತೊಬ್ಬರು ಹೊರಲಾರರು, ತೌಬಾ ಮಾಡಿದವರಿಗೆ ಅಲ್ಲಾಹನ ಕ್ಷಮೆಯ ಬಾಗಿಲು ತೆರೆದಿದೆ ಎಂಬುದು ನಮ್ಮ ವಿಶ್ವಾಸ. ಈ ಭೇದ ಸಣ್ಣದಲ್ಲ.

ಆದರೆ ಸಾಮ್ಯವೂ ಒಂದಿದೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಹಸಿದವರಿಗೆ ಉಣಿಸಿದಿರಾ, ರೋಗಿಗಳನ್ನು ಸಂದರ್ಶಿಸಿದಿರಾ ಎಂಬುದೇ ಅಂತಿಮ ತೀರ್ಪಿನ ಒರೆಗಲ್ಲು. ಪುನರುತ್ಥಾನದ ದಿನ ಅಲ್ಲಾಹನೂ ಇದನ್ನೇ ವಿಚಾರಿಸುವನೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಕುದ್ಸಿಯೊಂದು ತಿಳಿಸುತ್ತದೆ. ಹಾಗಾದರೆ ವಿಚಾರಣೆಯು ಕರುಣೆಗೆ ವಿರುದ್ಧವಾದುದಲ್ಲ. ನಾವು ತೋರಿದ ಕರುಣೆಯೇ ಅಲ್ಲಿ ವಿಚಾರಣೆಗೆ ಬರುವುದು. ನೆರೆಮನೆಯ ರೋಗಿ ಯಾವ ಧರ್ಮದವನೇ ಆಗಿರಲಿ, ಅವನ ಯೋಗಕ್ಷೇಮ ವಿಚಾರಿಸಲು ಇಂದೇ ಹೋಗೋಣ.