ಮೂಲವಸ್ತುಗಳ ವರ್ಗಕ್ರಮವೂ ಒಂದು ಪಠ್ಯಪುಸ್ತಕದ ಚರಿತ್ರೆಯೂ

ರಸಾಯನಶಾಸ್ತ್ರವನ್ನು ಬೋಧಿಸುವ ಕೊಠಡಿಗಳ ಗೋಡೆಯಲ್ಲಿ ಆವರ್ತಕೋಷ್ಟಕವೆಂಬ ಪಟವು ತೂಗುತ್ತಿರುವುದು ಸರ್ವಸಾಮಾನ್ಯವಾದ ದೃಶ್ಯ. ಅದರಲ್ಲಿ ಇಂದು 118 ಮನೆಗಳಿವೆ. ಒಂದೊಂದು ಮನೆಗೆ ಒಂದೊಂದು ಮೂಲವಸ್ತು. ವಿದ್ಯಾರ್ಥಿಗಳು ಅದನ್ನು ಮಗ್ಗಿಯಂತೆ ಉರುಹೊಡೆಯುವುದೂ ಉಂಟು. ಆದರೆ ಈ ಪಟವು ಪ್ರಯೋಗಶಾಲೆಯಲ್ಲಿ ಹುಟ್ಟಿದುದಲ್ಲ. ಪಠ್ಯಪುಸ್ತಕವನ್ನು ಬರೆಯುತ್ತಿದ್ದ ಅಧ್ಯಾಪಕನೊಬ್ಬನಿಗೆ ಮುಂದಿನ ಅಧ್ಯಾಯ ಯಾವುದಾಗಬೇಕೆಂಬ ತೊಡಕು ಒದಗಿದಾಗ ಹುಟ್ಟಿದುದು. ಈ ಸಂಗತಿಯನ್ನು ಮರೆತು ಪಟವನ್ನು ಕಲಿಸಿದಲ್ಲಿ ಅದರ ಕ್ರಮದ ಹುರುಳೇ ಕೈತಪ್ಪಿಹೋಗುವುದು.

1789ರಲ್ಲಿ ಫ್ರಾನ್ಸಿನ ಲವಾಸಿಯೆಯು 33 ಸರಳವಸ್ತುಗಳ ಪಟ್ಟಿಯನ್ನು ಮಾಡಿದ್ದನು. ಬೆಳಕು ಮತ್ತು ಶಾಖಗಳನ್ನೂ ಅದರಲ್ಲಿ ಸೇರಿಸಿದ್ದನು. ಅನಂತರ ಹೊಸ ವಸ್ತುಗಳು ಒಂದರಮೇಲೊಂದು ದೊರೆಯುತ್ತ ಬಂದುವೇ ಹೊರತು ಅವುಗಳಿಗೊಂದು ಕ್ರಮ ದೊರೆಯಲಿಲ್ಲ. ಜರ್ಮನಿಯ ಡೋಬೆರೈನರನು 1829ರಲ್ಲಿ ಕೆಲವು ತ್ರಿಕಗಳನ್ನು ಗುರುತಿಸಿದನು. ಲಿಥಿಯಂ 7, ಸೋಡಿಯಂ 23, ಪೊಟ್ಯಾಸಿಯಂ 39: ಮೊದಲ ಮತ್ತು ಕೊನೆಯ ತೂಕಗಳ ಸರಾಸರಿಯೇ ನಡುವಣದು. ಆದರೆ ತ್ರಿಕಕ್ಕೂ ತ್ರಿಕಕ್ಕೂ ಇರುವ ನಂಟೇನೆಂದು ಯಾರೂ ಅರಿಯರು. ಪರಮಾಣುಭಾರಗಳ ವಿಷಯದಲ್ಲಿಯೇ ಪಂಡಿತರಲ್ಲಿ ಒಮ್ಮತವಿರಲಿಲ್ಲ. 1860ರಲ್ಲಿ ಕಾರ್ಲ್ಸ್‌ರೂಹೆ ನಗರದಲ್ಲಿ ಕೂಡಿದ ಸಮ್ಮೇಳನದಲ್ಲಿ ಇಟಲಿಯ ಕನ್ನಿಜ್ಜಾರೋ ಈ ಗೊಂದಲವನ್ನು ಬಿಡಿಸುವ ದಾರಿಯನ್ನು ತೋರಿದನು. ಅಲ್ಲಿ ಹಂಚಲ್ಪಟ್ಟ ಅವನ ಕಿರುಹೊತ್ತಗೆಯೂ ಜಿನೋವಾ ನಗರದ ವಿದ್ಯಾರ್ಥಿಗಳಿಗೆ ಅವನು ಹೇಳುತ್ತಿದ್ದ ಪಾಠಗಳ ಸಾರವೇ ಎಂಬುದು ಗಮನಾರ್ಹವಾದುದು. ಆ ಸಮ್ಮೇಳನಕ್ಕೆ ಬಂದವರಲ್ಲಿ ರಷ್ಯಾದ ತರುಣ ಡಿಮಿಟ್ರಿ ಮೆಂಡೆಲೀಫನೂ ಜರ್ಮನಿಯ ಲೋಥರ್ ಮೈಯರನೂ ಇದ್ದರು. ಮೈಯರನು 1864ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 28 ಮೂಲವಸ್ತುಗಳ ಕೋಷ್ಟಕವೊಂದಿದೆ.

ಇಂಗ್ಲೆಂಡಿನ ನ್ಯೂಲ್ಯಾಂಡ್ಸನ ಕಥೆ ಕರುಣಾಜನಕವಾದುದು. ಭಾರಕ್ರಮದಲ್ಲಿ ಜೋಡಿಸಿದರೆ ಎಂಟನೆಯ ವಸ್ತುವು ಮೊದಲನೆಯದನ್ನು ಹೋಲುವುದೆಂದು, ನಿಷಾದವನ್ನು ದಾಟಿದೊಡನೆ ಮೇಲಿನ ಷಡ್ಜವು ಬರುವಂತೆ, ಅವನು ವಾದಿಸಿದನು. 1866ರಲ್ಲಿ ಲಂಡನ್ನಿನ ರಸಾಯನಸಂಘದಲ್ಲಿ ಇದನ್ನು ಓದಿದಾಗ ಸಭಿಕನೊಬ್ಬನು, ಹೆಸರುಗಳ ಅಕ್ಷರಾನುಕ್ರಮದಲ್ಲಿ ಜೋಡಿಸಿ ನೋಡಿದ್ದುಂಟೆ ಎಂದು ಹಾಸ್ಯಮಾಡಿದನು. ರೋಮನ್ ಅಕ್ಷರಮಾಲೆಯನ್ನು ಬಳಸುವವರಿಗೆ ಅಕ್ಷರಾನುಕ್ರಮವೆಂದರೆ ಕಾರಣವಿಲ್ಲದ ಕ್ರಮ. ಕ, ಚ, ಟ, ತ, ಪ ವರ್ಗಗಳನ್ನು ಕಲಿತವನ ಬಾಯಲ್ಲಿ ಆ ಹಾಸ್ಯವು ಹುಟ್ಟುತ್ತಿರಲಿಲ್ಲ. 1887ರಲ್ಲಿ ಅದೇ ನ್ಯೂಲ್ಯಾಂಡ್ಸನಿಗೆ ಡೇವಿ ಪದಕವು ದೊರೆಯಿತು.

ಮೆಂಡೆಲೀಫನು 1867ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಸಾಮಾನ್ಯ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. ವಿದ್ಯಾರ್ಥಿಗಳ ಕೈಗೆ ಕೊಡಲು ತನಗೆ ಒಪ್ಪುವ ಗ್ರಂಥವು ರಷ್ಯನ್ ಭಾಷೆಯಲ್ಲಿ ಇಲ್ಲದುದರಿಂದ ತಾನೇ 'ರಸಾಯನಶಾಸ್ತ್ರದ ಮೂಲತತ್ತ್ವಗಳು' ಎಂಬುದನ್ನು ಬರೆಯತೊಡಗಿದನು. ಆಗ ತಿಳಿದಿದ್ದ ಮೂಲವಸ್ತುಗಳು 63. ಮೊದಲ ಸಂಪುಟವು ಜಲಜನಕ, ಆಮ್ಲಜನಕ, ಸಾರಜನಕ, ಇಂಗಾಲಗಳನ್ನು ವಿಸ್ತಾರವಾಗಿ ವಿವರಿಸಿ, ಕ್ಲೋರೀನ್ ಮೊದಲಾದ ಲವಣಜನಕಗಳಿಗೆ ಬರುವಷ್ಟರಲ್ಲಿ ಮುಗಿಯಿತು. ಉಳಿದ ಐವತ್ತಕ್ಕೂ ಮಿಗಿಲಾದ ವಸ್ತುಗಳು ಎರಡನೆಯ ಸಂಪುಟವೊಂದರಲ್ಲಿಯೇ ಅಡಗಬೇಕಾಗಿತ್ತು. ಒಂದೊಂದನ್ನೂ ಬಿಡಿಬಿಡಿಯಾಗಿ ವರ್ಣಿಸಲು ಎಡೆಯಿಲ್ಲ, ಗುಂಪುಗಳಾಗಿ ಹೇಳಬೇಕು. ಗುಂಪುಗಳಲ್ಲಿ ಮೊದಲು ಯಾವುದು, ಬಳಿಕ ಯಾವುದು?

ಲವಣಜನಕಗಳ ತರುವಾಯ ಕ್ಷಾರಲೋಹಗಳನ್ನು ಇಟ್ಟುದು ಸಹಜವಾಗಿಯೇ ಇತ್ತು; ಗುಣದಲ್ಲಿ ಪರಸ್ಪರ ವಿರುದ್ಧವಾದರೂ ಎರಡು ಬಣಗಳ ಸಂಯೋಗಶಕ್ತಿಯೂ ಒಂದೇ. ಅವುಗಳ ಭಾರಗಳನ್ನು ಒಂದರ ಕೆಳಗೊಂದನ್ನು ಬರೆದಾಗ ಗುಟ್ಟು ಹೊರಬಿದ್ದಿತು. ಕ್ಲೋರೀನ್ 35.5, ಪೊಟ್ಯಾಸಿಯಂ 39. ಬ್ರೋಮೀನ್ 80, ರುಬಿಡಿಯಂ 85. ಅಯೊಡೀನ್ 127, ಸೀಸಿಯಂ 133. ಪ್ರತಿಯೊಂದು ಲವಣಜನಕದ ಬೆನ್ನಿಗೇ ಒಂದು ಕ್ಷಾರಲೋಹ! ಮುಂದೆ ಕ್ಯಾಲ್ಸಿಯಂ 40, ಸ್ಟ್ರಾಂಷಿಯಂ 87.6, ಬೇರಿಯಂ 137. ಗುಂಪಿನೊಳಗಣ ಹೋಲಿಕೆಯನ್ನು ಡೋಬೆರೈನರನೇ ಕಂಡಿದ್ದನು. ಒಂದನ್ನೊಂದು ಹೋಲದ ಗುಂಪುಗಳ ನಡುವೆಯೂ ನಿಯತವಾದ ಅನುಕ್ರಮವುಂಟೆಂಬುದು ಈಗ ಕಂಡಿತು. ಹಳೆಯ ಪಂಚಾಂಗದಂತೆ 1869ನೆಯ ಫೆಬ್ರವರಿ 17, ಅಂದರೆ ಇಂದಿನ ಲೆಕ್ಕದಲ್ಲಿ ಮಾರ್ಚಿ 1, ಈ ಕೋಷ್ಟಕದ ದಿನಾಂಕ. ಅವನು ಇದನ್ನು ಕನಸಿನಲ್ಲಿ ಕಂಡನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಉಳಿದುಬಂದಿರುವ ಕರಡು ಹಾಳೆಗಳಲ್ಲಿ ಹೊಡೆದುಹಾಕಿ ತಿದ್ದಿದ ಗುರುತುಗಳನ್ನು ನೋಡಿದವರು ಆ ಕಥೆಯನ್ನು ಅಷ್ಟಾಗಿ ಮೆಚ್ಚಲಾರರು.

ಕೋಷ್ಟಕದಲ್ಲಿ ಬರಿದಾದ ಮನೆಗಳು ಉಳಿದುವು. ಅವನ್ನು ಮುಚ್ಚಿಹಾಕದೆ, ಅಲ್ಲಿಯ ವಸ್ತುಗಳು ಮುಂದೆ ದೊರೆಯುವುವೆಂದು ಸಾರಿದುದೇ ಮೆಂಡೆಲೀಫನ ಹೆಚ್ಚಳ. 1871ರಲ್ಲಿ ಅವುಗಳಲ್ಲಿ ಮೂರಕ್ಕೆ ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್ ಎಂದು ಹೆಸರಿಟ್ಟು ಗುಣಗಳನ್ನೂ ಮುಂಗಂಡು ಬರೆದನು. ಇನ್ನೂ ದೊರೆಯದ ವಸ್ತುವಿಗೆ ಹೊಸ ಹೆಸರನ್ನು ಕಟ್ಟಲೊಲ್ಲದೆ, ಗುಂಪಿನಲ್ಲಿ ತಿಳಿದಿರುವ ವಸ್ತುವಿನಿಂದ ಅದು ಎಷ್ಟನೆಯ ಮೆಟ್ಟಿಲಿನಲ್ಲಿದೆಯೆಂಬುದನ್ನು ಸಂಸ್ಕೃತದ ಏಕ, ದ್ವಿ, ತ್ರಿ ಎಂಬ ಸಂಖ್ಯಾವಾಚಕಗಳಿಂದ ಸೂಚಿಸುವುದು ಅವನ ಕ್ರಮ. ಪಾಣಿನಿಯ ಸೂತ್ರಗಳನ್ನು 1839-40ರಲ್ಲಿ ಅಚ್ಚುಹಾಕಿಸಿದ ಬೋಟ್ಲಿಂಕನು 1868ರವರೆಗೆ ಅದೇ ನಗರದಲ್ಲಿದ್ದುದರಿಂದ, ಶಿವಸೂತ್ರಗಳ ಅಥವಾ ವರ್ಣಮಾಲೆಯ ಕ್ರಮವು ಮೆಂಡೆಲೀಫನಿಗೆ ತಿಳಿದಿರಬೇಕೆಂದು ಕೆಲವು ಭಾಷಾಶಾಸ್ತ್ರಜ್ಞರು ಊಹಿಸಿದ್ದಾರೆ. ಊಹೆಯು ಮನೋಹರವಾದುದು, ಆದರೆ ಹೆಸರುಗಳನ್ನು ಎರವಲು ಪಡೆದುದು ಸಿದ್ಧವಾದ ಮಾತು, ಕ್ರಮವನ್ನೇ ಪಡೆದನೆಂಬುದು ಸಿದ್ಧವಾಗಿಲ್ಲ. ಕ್ರಮಕ್ಕೆ ಪಠ್ಯಪುಸ್ತಕದ ಅಗತ್ಯವೇ ಸಾಕಾದ ಕಾರಣವಾಗಿದೆ.

ಪ್ರಭಾವವಿರಲಿ ಇಲ್ಲದಿರಲಿ, ಸಾದೃಶ್ಯವು ಬೋಧಕರಿಗೆ ಉಪಯುಕ್ತವಾದುದು. ವರ್ಗೀಯ ವ್ಯಂಜನಗಳಲ್ಲಿ ಒಂದೊಂದು ಸಾಲಿಗೆ ಒಂದೊಂದು ಉಚ್ಚಾರಣಸ್ಥಾನ; ಒಂದೊಂದು ಕಂಬಕ್ಕೆ ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕವೆಂಬ ಧರ್ಮ. ಯಾರಾದರೂ ಧಕಾರವನ್ನು ಅಳಿಸಿಬಿಟ್ಟರೆ, ನೆರೆಯ ದಕಾರವನ್ನೂ ಮೇಲು ಕೆಳಗಣ ಢಕಾರ ಭಕಾರಗಳನ್ನೂ ನೋಡಿ ಅದರ ದನಿಯನ್ನು ಹೇಳಬಹುದು. ಏಕ-ಸಿಲಿಕಾನಿನ ಭಾರ 72, ಸಾಂದ್ರತೆ 5.5 ಎಂದು ಮೆಂಡೆಲೀಫನು ಹೇಳಿದುದು ಈ ಬಗೆಯಿಂದಲೇ. 1886ರಲ್ಲಿ ವಿಂಕ್ಲರನು ಜರ್ಮೇನಿಯಮ್ಮನ್ನು ಕಂಡುಹಿಡಿದಾಗ ದೊರೆತ ಭಾರ 72ಕ್ಕೆ ತೀರ ಸಮೀಪವಾಗಿತ್ತು. ಅದಕ್ಕೆ ಮುಂಚೆ 1879ರಲ್ಲಿ ಸ್ಕ್ಯಾಂಡಿಯಂ, 1875ರಲ್ಲಿ ಗ್ಯಾಲಿಯಂ ದೊರೆತಿದ್ದುವು. ಗ್ಯಾಲಿಯಮ್ಮಿನ ಸಾಂದ್ರತೆ 4.7 ಎಂದು ಅದನ್ನು ಕಂಡುಹಿಡಿದ ಬ್ವಾಬೊದ್ರಾನನು ತಿಳಿಸಿದಾಗ, ವಸ್ತುವನ್ನು ಕಣ್ಣಿನಿಂದಲೂ ಕಾಣದ ಮೆಂಡೆಲೀಫನು ಅದು 5.9ರಷ್ಟಿರಬೇಕೆಂದನು. ಶುದ್ಧಮಾಡಿ ತೂಗಿದಾಗ 5.9 ಎಂದೇ ತೇಲಿತು.

ಆದರೂ ಕೋಷ್ಟಕವನ್ನು ದೋಷರಹಿತವಾದ ದರ್ಶನವೆಂಬಂತೆ ಬೋಧಿಸುವುದು ತಪ್ಪು. ಮೆಂಡೆಲೀಫನ ಎಲ್ಲ ಭವಿಷ್ಯಗಳೂ ಫಲಿಸಲಿಲ್ಲ. 1894ರಲ್ಲಿ ದೊರೆತ ಆರ್ಗಾನಿಗೆ ಅವನ ಕೋಷ್ಟಕದಲ್ಲಿ ಮನೆಯೇ ಇರಲಿಲ್ಲ, ಮೊದಲು ಅದನ್ನು ಮೂಲವಸ್ತುವೆಂದು ಒಪ್ಪಲೂ ಅವನು ಹಿಂಜರಿದನು. ಟೆಲುರಿಯಮ್ಮಿನ ಭಾರ 127.6, ಅಯೊಡೀನಿನದು 126.9. ಭಾರವನ್ನೇ ನೆಚ್ಚಿದರೆ ಅಯೊಡೀನು ಗಂಧಕದ ಗುಂಪಿಗೆ ಸೇರಬೇಕಾಗುವುದು. ಗುಣವನ್ನು ನೋಡಿದರೆ ಅದು ಕ್ಲೋರೀನಿನ ಒಡಹುಟ್ಟು. ಮೆಂಡೆಲೀಫನು ಗುಣವನ್ನು ನಂಬಿ ಟೆಲುರಿಯಮ್ಮನ್ನು ಮುಂದಿಟ್ಟು, ತೂಕವೇ ತಪ್ಪಾಗಿರಬೇಕೆಂದನು. ತೂಕವು ಸರಿಯಾಗಿಯೇ ಇತ್ತು; ಆದರೆ ಅವನಿಟ್ಟ ಸ್ಥಾನವೂ ಸರಿಯಾಗಿತ್ತು! ಈ ಒಗಟನ್ನು ಬಿಡಿಸಿದವನು ಇಂಗ್ಲೆಂಡಿನ ಮೋಸ್ಲೆ. ಕ್ರಮವನ್ನು ನಿರ್ಣಯಿಸುವುದು ಭಾರವಲ್ಲ, ಪರಮಾಣುಬೀಜದ ವಿದ್ಯುದಂಶವನ್ನು ತಿಳಿಸುವ ಪರಮಾಣುಸಂಖ್ಯೆಯೆಂದು 1913ರಲ್ಲಿ ಕ್ಷ-ಕಿರಣಗಳ ಪರೀಕ್ಷೆಯಿಂದ ಅವನು ತೋರಿದನು. ಎರಡು ವರ್ಷಗಳೊಳಗೆ, 27ನೆಯ ವಯಸ್ಸಿನಲ್ಲಿ, ಗ್ಯಾಲಿಪೊಲಿಯ ಯುದ್ಧದಲ್ಲಿ ಮಡಿದನು.

ಇಂದಿನ ಪಟದ ಸಾಲುಗಳಲ್ಲಿ ಅನುಕ್ರಮವಾಗಿ 2, 8, 8, 18, 18, 32, 32 ಮನೆಗಳಿರುವುದಕ್ಕೆ ಎಲೆಕ್ಟ್ರಾನುಗಳ ವಿನ್ಯಾಸವೇ ಕಾರಣ. ಅನೇಕ ಪಠ್ಯಗಳು ಈ ಕಾರಣವನ್ನೇ ಮೊದಲಿಗೆ ಹೇಳಿ, ಕೋಷ್ಟಕವನ್ನು ಅದರ ಫಲವೆಂಬಂತೆ ನಿರೂಪಿಸುತ್ತವೆ. ತರ್ಕಕ್ಕೆ ಇದು ಒಪ್ಪುವುದಾದರೂ ಚರಿತ್ರೆಗೆ ತಲೆಕೆಳಗಾದ ಮಾತು: ಎಲೆಕ್ಟ್ರಾನೆಂಬುದು ತಿಳಿದುದು 1897ರಲ್ಲಿ. ಕ್ಲೋರೀನ್ ಪೊಟ್ಯಾಸಿಯಂಗಳ ಆರು ಅಂಕಿಗಳನ್ನು ವಿದ್ಯಾರ್ಥಿಯ ಮುಂದಿಟ್ಟು ಕ್ರಮವನ್ನು ಅವನೇ ಹುಡುಕುವಂತೆ ಮಾಡಿ, ಅಯೊಡೀನಿನಲ್ಲಿ ಅವನನ್ನು ಮುಗ್ಗರಿಸಗೊಟ್ಟು, ಬಳಿಕ ಎಲೆಕ್ಟ್ರಾನುಗಳಿಗೆ ಕರೆತರುವ ಅಧ್ಯಾಪಕನಿಗೆ ಒಂದೆರಡು ಪಾಠದ ಹೊತ್ತು ಹೆಚ್ಚಾಗಿ ಬೇಕಾಗುವುದು ನಿಜ. ಆದರೆ ಮೆಂಡೆಲೀಫನ ಗ್ರಂಥವು ಓದುಗರನ್ನು ನಡೆಸಿದುದೂ ಕಂಡ ಗುಣಗಳಿಂದ ಕ್ರಮದ ಕಡೆಗೇ; ಅವನು ಅದನ್ನು ತಿದ್ದುತ್ತಲೇ ಹೋಗಿ, ಸಾಯುವುದಕ್ಕೆ ಮುನ್ನಿನ ವರ್ಷ, 1906ರಲ್ಲಿ, ಎಂಟನೆಯ ಮುದ್ರಣವನ್ನು ಹೊರಡಿಸಿದನು.

1955ರಲ್ಲಿ ನಿರ್ಮಿತವಾದ 101ನೆಯ ಮೂಲವಸ್ತುವಿಗೆ ಅವನ ಹೆಸರನ್ನಿಟ್ಟಿದ್ದಾರೆ. ಏಳನೆಯ ಸಾಲು 118ರಲ್ಲಿ ತುಂಬಿದೆ. ಎಂಟನೆಯ ಸಾಲಿನ ಮೊದಲ ಮನೆ, 119ನೆಯದು, ಬರಿದಾಗಿದೆ. ಶಾಸ್ತ್ರಜ್ಞರು ಅದನ್ನು ಏಕ-ಫ್ರಾನ್ಸಿಯಂ ಎಂದು ಕರೆಯುವುದುಂಟು.