ತಿರುಗದ ಶವರ್ಮ

ಬೆಂಗಳೂರಿನ ಬೀದಿಬದಿಯ ಅಂಗಡಿಯೊಂದರ ಮುಂದೆ ಮೊನ್ನೆ ಒಬ್ಬ ಹುಡುಗ ಹೇಳುತ್ತಿದ್ದ: "ಅಣ್ಣಾ, ಆ ತಿರುಗ್ತಿರೋದು ಬೇಡ. ತವಾ ಮೇಲೆ ಫ್ರೆಶ್ಶಾಗಿ ಒಂದು ಶವರ್ಮ ಮಾಡ್ಕೊಡಿ." ಅಣ್ಣ ಮರುಮಾತಾಡದೆ ಮಾಡಿಕೊಟ್ಟ. ಹೊಟ್ಟೆಯ ಕ್ಷೇಮ ನೋಡಿದರೆ ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ತುರ್ಕಿಯವರ 'ಚೆವಿರ್ಮೆ' ಅರಬ್ಬರ ಬಾಯಲ್ಲಿ 'ಶವರ್ಮ' ಆದದ್ದು, ಅದರ ಅರ್ಥವೇ ತಿರುಗಿಸುವುದು. ಅವನು ಕೇಳಿದ್ದು ತಿರುಗಿಸದ ತಿರುಗಿಸುವಿಕೆ! ಪನೀರ್ ಶವರ್ಮವೂ ಬಂದಿರುವ ಈ ಕಾಲದಲ್ಲಿ ಗೊಣಗಿ ಏನು ಪ್ರಯೋಜನ? ಆದರೂ ಗೊಣಗುತ್ತೇನೆ.

ಕಬಾಬಿಗೆ ನಾವು ಮಾಡಿದ್ದೂ ಇದನ್ನೇ. ಸಲಾಕೆಯಿಲ್ಲ, ಕೆಂಡವಿಲ್ಲ; ಕೋಳಿ ತುಂಡುಗಳನ್ನು ಕಾದೆಣ್ಣೆಗೆ ಬಿಟ್ಟು ಕೆಂಪಗೆ ತೆಗೆದರೆ ನಮ್ಮಲ್ಲಿ ಅದು ಕಬಾಬ್. ಆ ಕೆಂಪಾದರೂ ಮೆಣಸಿನಕಾಯಿಯದ್ದೇ ಎಂದು ನಂಬಿದ್ದವರು, 2024ರ ಜೂನಿನಲ್ಲಿ ರಾಜ್ಯ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದಾಗ ಕಣ್ಣು ಬಿಟ್ಟರು.

ಸಲಾಕೆಯ ಮಾತು ಬಂತಲ್ಲ, ತುರ್ಕಿಯವರಲ್ಲೊಂದು ಗಾದೆಯಿದೆ: "ನೆ ಶಿಶ್ ಯಾನ್ಸಿನ್, ನೆ ಕೆಬಾಪ್." ಸಲಾಕೆಯೂ ಸುಡಬಾರದು, ಕಬಾಬೂ ಸುಡಬಾರದು. ಇಬ್ಬರಿಗೂ ನೋವಾಗದಂತೆ ವ್ಯಾಜ್ಯ ಬಗೆಹರಿಸುವಾಗ ಆಡುವ ಮಾತು. ನಮ್ಮಲ್ಲಿ ಇದರ ಜೋಡಿ ಯಾವುದೆಂದು ಹೇಳಬೇಕಾಗಿಲ್ಲ: ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಗಾದೆಯಲ್ಲಿ ಪಂಚಾಯಿತಿ ಮುಗಿದ ಮೇಲೂ ಹಾವು ಮನೆಯ ಮೂಲೆಯಲ್ಲೇ ಇರುತ್ತದೆ. ಕೋಲು ನೆಟ್ಟಗಿದೆ ಎಂಬ ಸಮಾಧಾನದಲ್ಲಿ ಮನೆಯವರು ರಾತ್ರಿಯಿಡೀ ದೀಪ ಹಚ್ಚಿಕೊಂಡು ಕೂರಬೇಕು. ಸಂಧಾನವೆಂದರೆ ಕೆಲಸವನ್ನು ನಾಳೆಗೆ ತಳ್ಳುವುದು ಎಂದು ಈ ಗಾದೆ ಎಷ್ಟು ಜನ ಅಧಿಕಾರಿಗಳಿಗೆ ಕಲಿಸಿದೆಯೋ! ತುರ್ಕಿಯವರ ಗಾದೆಯಲ್ಲಿ ಕೊನೆಗೆ ಊಟವಾದರೂ ಸಿದ್ಧವಾಗುತ್ತದೆ. ಹದವಾಗಿ ಬೆಂದ ಕಬಾಬು, ನಾಳೆಗೂ ಒದಗುವ ಸಲಾಕೆ. ರಾಜಿ ಅಂದರೆ ಅದು.

ಈ ಗಾದೆಯನ್ನು ಯಾರೋ ಅಡುಗೆಯವನು ಅಕ್ಷರಶಃ ತೆಗೆದುಕೊಂಡಿರಬೇಕು ಎಂಬುದು ನನ್ನ ಖಾಸಾ ಸಿದ್ಧಾಂತ. ಸಲಾಕೆ ಅಡ್ಡ ಮಲಗಿದ್ದು ಕೆಂಡ ಕೆಳಗಿದ್ದರೆ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುತ್ತದೆ, ಬೆಂಕಿ ಭುಗಿಲೆನ್ನುತ್ತದೆ, ಮಾಂಸ ಕರಿಯಾಗುತ್ತದೆ. ಸಲಾಕೆಯನ್ನು ನೆಟ್ಟಗೆ ನಿಲ್ಲಿಸಿ ಬೆಂಕಿಯನ್ನು ಪಕ್ಕಕ್ಕೆ ಸರಿಸಿದರೆ ಅದೇ ಕೊಬ್ಬು ಮೇಲಿನಿಂದ ಮಾಂಸದ ಮೈಮೇಲೇ ಇಳಿಯುತ್ತದೆ. ಬೆಂದ ಹೊರಪದರವನ್ನು ಹೆರೆದು ಬಡಿಸುವಷ್ಟರಲ್ಲಿ ಒಳಪದರ ಬೆಂಕಿಗೆ ಮುಖ ಮಾಡಿರುತ್ತದೆ. ಹೀಗೆ ಮೊದಲು ನಿಲ್ಲಿಸಿದವನು ಕಾಸ್ತಮೋನುವಿನ ಹಮ್ದಿ ಉಸ್ತಾ ಎಂದು ಆ ಊರಿನವರು, ಬುರ್ಸಾದ ಇಸ್ಕಂದರ್ ಎಫೆಂದಿ ಎಂದು ಬುರ್ಸಾದವರು. 1855ರಲ್ಲಿ ಜೇಮ್ಸ್ ರಾಬರ್ಟ್‌ಸನ್ ತೆಗೆದ ಫೋಟೋದಲ್ಲಂತೂ ಅದು ಆಗಲೇ ನಿಂತಿದೆ.

ನಿಂತ ಮೇಲೆ ಬೀದಿಗೆ ಕಂಡಿತು. ಕಂಡ ಮೇಲೆ ಬೀದಿಯವರೇ ಹೆಸರಿಟ್ಟರು. ಇದು ಸಿದ್ಧಾಂತದ ಎರಡನೇ ಕಂತು. ಅಡುಗೆಯವನನ್ನು ಕೇಳಿದ್ದರೆ ಮಾಂಸದ್ದೋ ಮಸಾಲೆಯದ್ದೋ ಹೆಸರು ಹೇಳುತ್ತಿದ್ದ. ಹಸಿದು ಕಾಯುವವರಿಗೆ ಕಾಣುವುದು ತಿರುಗುವುದೊಂದೇ, ಹಾಗಾಗಿ ತುರ್ಕಿಯಲ್ಲಿ ಅದು 'ಡೊನೆರ್', ತಿರುಗುವಂಥದ್ದು. ಗ್ರೀಕರ 'ಯೀರೋ' ಎಂದರೂ ಸುತ್ತು. ಲೆಬನಾನಿನ ವಲಸಿಗರಿಂದ ಕಲಿತ ಮೆಕ್ಸಿಕೋದವರು ಮಾಂಸದ ಆ ಗೋಪುರವನ್ನು 'ಟ್ರೋಂಪೋ' ಎನ್ನುತ್ತಾರೆ, ಅಂದರೆ ನಮ್ಮ ಬುಗುರಿ. ತುರ್ಕಿಯ ಎರ್ಜುರುಮಿನಲ್ಲಿ ಮಾತ್ರ ಸಲಾಕೆ ಇಂದಿಗೂ ಅಡ್ಡ ಮಲಗಿದೆ. ಕುರಿಮಾಂಸವನ್ನು ಕುಯ್ದು ಪುಟ್ಟ ಕಂಬಿಗೆ ಚುಚ್ಚಿ, ಸಾಕೆನ್ನುವವರೆಗೂ ಮೇಜಿಗೆ ತಂದಿಡುತ್ತಾರೆ. ಅಲ್ಲಿ ಹೆಸರು ಆ ಕಂಬಿಯದ್ದು: 'ಜಾ' ಕಬಾಬ್. ತಿನ್ನುವವನ ಕಣ್ಣ ಮುಂದೆ ಏನಿದೆಯೋ ಅದೇ ಹೆಸರು. ಸಿದ್ಧಾಂತಕ್ಕೆ ಇನ್ನೇನು ಬೇಕು?

ದೂರ ಹೋದಷ್ಟೂ ಅರ್ಥ ಸವೆದು ಸದ್ದಷ್ಟೇ ಉಳಿಯುತ್ತದೆ. ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಅದು 'ಡೊನೇರ್'. ಮೇಲೆ ಸುರಿಯುವುದು ಮಿಲ್ಕ್‌ಮೇಡಿನಂಥ ಸಿಹಿ ಗಟ್ಟಿಹಾಲಿಗೆ ವಿನೆಗರ್, ಬೆಳ್ಳುಳ್ಳಿ ಕಲಸಿದ ಸಾಸು. 2015ರಲ್ಲಿ ಆ ನಗರ ಅದನ್ನು ತನ್ನ ಅಧಿಕೃತ ತಿನಿಸೆಂದು ಸಾರಿತು. ಬರ್ಲಿನಿನಲ್ಲಿ ತುರ್ಕಿಯಿಂದ ವಲಸೆ ಬಂದ ಕದಿರ್ ನೂರ್ಮನ್ 1972ರಿಂದ ಡೊನೆರನ್ನು ಬ್ರೆಡ್ಡಿನೊಳಗಿಟ್ಟು ಕೈಗೆ ಕೊಟ್ಟರು ಎನ್ನುತ್ತಾರೆ. ಈಗ ಜರ್ಮನರಿಗೆ ಅದು ತಮ್ಮದೇ ತಿಂಡಿ. ಇದು ಸರಿಹೋಗದ ತುರ್ಕಿಯ ಡೊನೆರ್ ಸಂಘದವರು ಯುರೋಪಿಯನ್ ಒಕ್ಕೂಟಕ್ಕೆ ಅರ್ಜಿ ಹಾಕಿದರು: ಯಾವ ಮಾಂಸ, ಎಷ್ಟು ದಪ್ಪದ ಚೂರು ಎಲ್ಲವೂ ನಿಯಮದಂತಿದ್ದರೆ ಮಾತ್ರ ಆ ಹೆಸರು. ಜರ್ಮನಿ ಒಪ್ಪಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅರ್ಜಿ ವಾಪಸಾಯಿತು. ಚೂರಿನ ದಪ್ಪಕ್ಕೆಲ್ಲ ಕಾನೂನು ಬೇಡ, ವಾಪಸಾದದ್ದೇ ಒಳ್ಳೆಯದು. ತಿರುಗಲೇಬೇಕು ಎಂಬ ಒಂದೇ ನಿಯಮ ಇಟ್ಟಿದ್ದರೆ ನಾನೂ ಸಹಿ ಹಾಕುತ್ತಿದ್ದೆ.